ಅಲೆಗಳಿಗೊಂದು ಒಕ್ಕಲು ಕಣ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹಾದಿಯಲ್ಲಿ ಕಡಕೊಳ ಸಿಗುತ್ತದೆ. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ, ನಡುವೆ ಬಿಡುವಿಲ್ಲದ ಹೆದ್ದಾರಿ. ಇಲ್ಲಿಯೂ ಎಲ್ಲ ಊರುಗಳಲ್ಲಿ ಕಾಣುವ ಒಂದು ದೃಶ್ಯ ದಿನವೂ ಕಾಣುತ್ತದೆ. ಮೊಬೈಲಿನಲ್ಲಿ ಮಾತನಾಡುತ್ತಿದ್ದವರು ಇದ್ದಕ್ಕಿದ್ದಂತೆ "ಹಲೋ, ಕೇಳಿಸ್ತಾ ಇದೆಯಾ?" ಎಂದು ಕೂಗುತ್ತ ಎರಡು ಹೆಜ್ಜೆ ಆಚೆ ಸರಿಯುತ್ತಾರೆ. ಮಾತು ಮತ್ತೆ ಹರಿಯುತ್ತದೆ. ತಗಡಿನ ಶೆಡ್ಡಿನೊಳಗೆ ಸತ್ತಂತಿದ್ದ ಫೋನು ಬಾಗಿಲಿಗೆ ಬಂದರೆ ಬದುಕುತ್ತದೆ. ಗೋಪುರ ಇದ್ದಲ್ಲಿಯೇ ಇದೆ, ಫೋನೂ ಅದೇ. ಹಾಗಾದರೆ ಆ ಎರಡು ಹೆಜ್ಜೆಯಲ್ಲಿ ಬದಲಾದದ್ದೇನು?

ಪಿಯುಸಿಯಲ್ಲಿ ಭೌತವಿಜ್ಞಾನ ಓದುವವರು ಉತ್ತರವನ್ನು ತಾವೇ ಹೇಳಬಹುದು. ಗೋಪುರದಿಂದ ಹೊರಟ ರೇಡಿಯೋ ಅಲೆ ಫೋನಿಗೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಸ್ವಲ್ಪ ನೇರವಾಗಿ ಬರುತ್ತದೆ. ಸ್ವಲ್ಪ ಎದುರಿನ ಗೋಡೆಗೆ ತಾಗಿ, ಸ್ವಲ್ಪ ಹಾದುಹೋಗುವ ಲಾರಿಗೆ ಬಡಿದು, ಇನ್ನು ಸ್ವಲ್ಪ ನೆಲಕ್ಕೆ ಬಿದ್ದು ಪುಟಿದು ಬರುತ್ತದೆ. ಕಡಕೊಳದಲ್ಲಿ ಕಂಟೈನರ್ ಡಿಪೊ ಕೂಡ ಇದೆ. ಒಂದರ ಮೇಲೊಂದು ಪೇರಿಸಿದ ಕಬ್ಬಿಣದ ಪೆಟ್ಟಿಗೆಗಳು ರೇಡಿಯೋ ಅಲೆಗಳಿಗೆ ನಿಲುವುಗನ್ನಡಿ ಇದ್ದಂತೆ. ಹೀಗೆ ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳ ಉಬ್ಬುಗಳು ಒಂದರ ಮೇಲೊಂದು ಬಿದ್ದರೆ ಸಂಕೇತ ಬಲಗೊಳ್ಳುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದರೆ ಎರಡೂ ಅಳಿಸಿಹೋಗುತ್ತವೆ. ಕೆರೆಗೆ ಎರಡು ಕಲ್ಲು ಎಸೆದು ನೋಡಿದವರಿಗೆಲ್ಲ ಇದು ಗೊತ್ತು. 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್. ಅದರ ಅರ್ಧ ಎಂದರೆ ಸುಮಾರು ನಾಲ್ಕು ಬೆರಳಗಲ. ಅಷ್ಟು ಸರಿದರೂ ಸಾಕು, ಕುಳಿಯಿಂದ ದಿಬ್ಬಕ್ಕೆ ಹತ್ತಿದಂತಾಗಬಹುದು. ಎರಡು ಹೆಜ್ಜೆ ಇಟ್ಟವರು ತಮಗೆ ಅರಿವಿಲ್ಲದೆಯೇ ಒಂದು ಪ್ರಯೋಗ ಮಾಡಿರುತ್ತಾರೆ.

ಈ ಚಂಚಲ ಅಲೆಗಳನ್ನು ನೆಚ್ಚಿಕೊಂಡು ಕೋಟ್ಯಂತರ ಫೋನುಗಳು ಕೆಲಸ ಮಾಡಬೇಕು. ಅದಕ್ಕಾಗಿ ಜಗತ್ತಿನ ಸಂಶೋಧಕರು ಹೊಸ ಹೊಸ ಉಪಾಯಗಳನ್ನು ಹುಡುಕುತ್ತಲೇ ಇರುತ್ತಾರೆ. ಆದರೆ ಒಂದು ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದನ್ನು ಎಲ್ಲಿ ನೋಡುವುದು? ಜನ ಬಳಸುತ್ತಿರುವ ಜಾಲದ ಮೇಲೆ ಪ್ರಯೋಗ ಮಾಡಿದರೆ ಅರ್ಧ ಊರಿನ ಫೋನು ಕೆಟ್ಟೀತು. ಯಾವ ಕಂಪನಿಯೂ ಅದಕ್ಕೆ ಒಪ್ಪುವುದಿಲ್ಲ.

ಕಾಗದದ ಮೇಲಿನ ಊರು

ಬಹುಕಾಲ ಇದಕ್ಕೆ ಕಂಡುಕೊಂಡಿದ್ದ ದಾರಿ ಕಂಪ್ಯೂಟರಿನೊಳಗೇ ಒಂದು ಊರನ್ನು ಕಟ್ಟಿ, ಅದರಲ್ಲಿ ಲೆಕ್ಕದ ಫೋನುಗಳನ್ನು ಓಡಾಡಿಸಿ ಫಲಿತಾಂಶ ನೋಡುವುದು. ಇದು ಅಗ್ಗ. ಒಬ್ಬ ವಿದ್ಯಾರ್ಥಿ ತನ್ನ ಕೋಣೆಯಲ್ಲಿ ಕುಳಿತೇ ಮಾಡಬಹುದು. ತೊಂದರೆಯೆಂದರೆ ಆ ಊರು ತೀರಾ ಸಜ್ಜನರ ಊರು.

2003ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಡೇವಿಡ್ ಕಾಟ್ಜ್ ಮತ್ತು ಸಂಗಡಿಗರು ಇಂಥ ಅಧ್ಯಯನಗಳು ಮನಸ್ಸಿನೊಳಗೇ ಒಪ್ಪಿಕೊಂಡುಬಿಟ್ಟಿದ್ದ ಆರು ನಂಬಿಕೆಗಳನ್ನು ಪಟ್ಟಿ ಮಾಡಿದರು. ಜಗತ್ತು ಚಪ್ಪಟೆಯಾಗಿದೆ ಎಂಬುದು ಒಂದು. ರೇಡಿಯೋ ಮುಟ್ಟುವ ಪ್ರದೇಶ ಕೈವಾರದಲ್ಲಿ ಎಳೆದ ವೃತ್ತದಂತಿರುತ್ತದೆ ಎಂಬುದು ಇನ್ನೊಂದು. ಎಲ್ಲ ರೇಡಿಯೋಗಳಿಗೂ ಒಂದೇ ವ್ಯಾಪ್ತಿ. ನಿನ್ನ ಮಾತು ನನಗೆ ಕೇಳಿಸಿದರೆ ನನ್ನದೂ ನಿನಗೆ ಕೇಳಿಸುತ್ತದೆ. ಕೇಳಿಸಿತೆಂದರೆ ಪೂರ್ತಿಯಾಗಿಯೇ ಕೇಳಿಸುತ್ತದೆ. ಸಂಕೇತದ ಬಲ ದೂರವನ್ನು ಮಾತ್ರ ಅವಲಂಬಿಸಿದೆ. ಲ್ಯಾಪ್‌ಟಾಪ್ ಹೊತ್ತ ಜನರನ್ನು ಬಯಲಿನಲ್ಲಿ ಓಡಾಡಿಸಿ ಅಳೆದಾಗ ಇವೆಲ್ಲ ಸುಳ್ಳೆಂದು ಅವರಿಗೆ ಕಂಡಿತು.

ಚಾಮುಂಡಿ ಬೆಟ್ಟದ ಬುಡದಲ್ಲಿ ವಾಸಿಸುವವರಿಗೆ ಜಗತ್ತು ಚಪ್ಪಟೆಯಲ್ಲ ಎಂದು ಯಾವ ಅಮೆರಿಕದವರೂ ಹೇಳಿಕೊಡಬೇಕಾಗಿಲ್ಲ. ಆದರೂ ನಂಬಿಕೆ ನಂಬಿಕೆಯೇ. ಚಪ್ಪಟೆ ಜಗತ್ತಿನಲ್ಲಿ ಗೆದ್ದ ವಿಧಾನ ಬೆಟ್ಟ, ತೆಂಗಿನ ತೋಟ, ತಗಡಿನ ಶೆಡ್ಡು ಇರುವ ಜಗತ್ತಿನಲ್ಲಿ ಸೋಲಬಹುದು. ಸೋಲುವುದು ತಿಳಿಯಬೇಕಾದರೆ ನಿಜವಾದ ರೇಡಿಯೋಗಳನ್ನು ನಿಜವಾದ ಜಾಗದಲ್ಲಿಟ್ಟು ನೋಡಲೇಬೇಕು.

ಇದಕ್ಕಾಗಿಯೇ ಕಟ್ಟಿದ ವ್ಯವಸ್ಥೆಗೆ ಇಂಗ್ಲಿಷಿನವರು ಟೆಸ್ಟ್‌ಬೆಡ್ ಎನ್ನುತ್ತಾರೆ. ಪರೀಕ್ಷೆಯ ಹಾಸಿಗೆ ಎಂದು ಅನುವಾದ ಮಾಡಿದರೆ ನಗು ಬಂದೀತು. ಕನ್ನಡದಲ್ಲಿ ಇದಕ್ಕೆ ಹೊಂದುವ ಮಾತು ಕಣ. ಭೌತವಿಜ್ಞಾನದ ಕಣವಲ್ಲ, ತೆನೆ ಬಡಿದು ಕಾಳು ಬೇರೆ, ಹೊಟ್ಟು ಬೇರೆ ಮಾಡುವ ಒಕ್ಕಲು ಕಣ.

ಚಾವಣಿಯಲ್ಲಿ ನಾನೂರು ಪೆಟ್ಟಿಗೆ

ಇಂಥ ಕಣಗಳಲ್ಲಿ ಹೆಸರಾದದ್ದು ಅಮೆರಿಕದ ನ್ಯೂಜರ್ಸಿಯ ರಟ್‌ಗರ್ಸ್ ವಿಶ್ವವಿದ್ಯಾಲಯದ ವಿನ್‌ಲ್ಯಾಬ್ ಕಟ್ಟಿದ 'ಆರ್ಬಿಟ್'. ಒಂದು ದೊಡ್ಡ ಹಜಾರ. ಅದರ ಚಾವಣಿಯಿಂದ ನೇತುಬಿದ್ದ ಚಿಕ್ಕ ಪೆಟ್ಟಿಗೆಗಳು, ಉದ್ದಕ್ಕೆ 20, ಅಗಲಕ್ಕೆ 20, ಒಟ್ಟು 400. ಒಂದಕ್ಕೂ ಇನ್ನೊಂದಕ್ಕೂ ಒಂದು ಮೀಟರ್ ಅಂತರ. ಪ್ರತಿ ಪೆಟ್ಟಿಗೆಯೂ ಒಂದು ಪುಟ್ಟ ಕಂಪ್ಯೂಟರು, ಅದಕ್ಕೆ ವೈಫೈ ರೇಡಿಯೋಗಳು. 2005ರಲ್ಲಿ ಇದು ಹೊರಗಿನ ಸಂಶೋಧಕರಿಗೂ ತೆರೆದುಕೊಂಡಿತು. ಬಳಸುವವರು ನ್ಯೂಜರ್ಸಿಗೆ ಹೋಗಬೇಕಾಗಿಲ್ಲ. ತಮ್ಮ ಊರಿನಿಂದಲೇ ಇಂಟರ್ನೆಟ್ಟಿನ ಮೂಲಕ ಒಳಹೊಕ್ಕು, ಗೊತ್ತುಮಾಡಿದ ಸಮಯಕ್ಕೆ ಪೆಟ್ಟಿಗೆಗಳನ್ನು ತಮ್ಮ ವಶಕ್ಕೆ ಪಡೆದು, ತಮ್ಮ ತಂತ್ರಾಂಶ ತುಂಬಿ, ಪ್ರಯೋಗ ನಡೆಸಿ, ಅಂಕಿಗಳನ್ನು ತೆಗೆದುಕೊಂಡು ಹೊರಬರಬಹುದು. ಮುಂದಿನವರು ಬಂದು ಪೆಟ್ಟಿಗೆಗಳನ್ನು ಅಳಿಸಿ ತಮ್ಮದನ್ನು ತುಂಬುತ್ತಾರೆ. ಹಿಂದಿನವರ ಹೊಟ್ಟು ಉಳಿಯದಂತೆ ಕಣ ಗುಡಿಸಿ ಕೊಟ್ಟ ಹಾಗೆ.

ಆ ಪೆಟ್ಟಿಗೆಗಳು ನಡೆಯುವುದಿಲ್ಲವಲ್ಲ, ಮೊಬೈಲ್ ಪ್ರಯೋಗ ಹೇಗೆ ಎಂದು ಕೇಳಬಹುದು. ಅದಕ್ಕೂ ಒಂದು ಜಾಣತನದ ಉಪಾಯವಿದೆ. ಒಂದು ಪೆಟ್ಟಿಗೆ ಆಡುತ್ತಿದ್ದ ಪಾತ್ರವನ್ನು ಮರುಕ್ಷಣ ಪಕ್ಕದ ಪೆಟ್ಟಿಗೆಗೆ ಒಪ್ಪಿಸುತ್ತ ಹೋದರೆ, ದೂರದಿಂದ ನೋಡುವವರಿಗೆ ಒಂದು ಫೋನು ಹಜಾರದ ಉದ್ದಕ್ಕೂ ನಡೆದುಹೋದಂತೆ ಕಾಣುತ್ತದೆ. ಮದುವೆ ಮನೆಯ ಸರಣಿ ದೀಪಗಳಲ್ಲಿ ಬೆಳಕು ಓಡುವುದಿಲ್ಲವೇ, ಹಾಗೆ.

ಈ ಹಜಾರದ ಬಹುದೊಡ್ಡ ಗುಣವೆಂದರೆ ಪ್ರಯೋಗವನ್ನು ಮರಳಿ ಮಾಡಬಹುದು. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ಅದೇ ಪೆಟ್ಟಿಗೆಗಳ ಮೇಲೆ ಪರೀಕ್ಷಿಸಿ ಹೌದು ಅಥವಾ ಅಲ್ಲ ಎನ್ನಬಹುದು. ಶಾಲೆಯ ಪ್ರಯೋಗಾಲಯದಲ್ಲಿ ಲೋಲಕದ ಅವಧಿಯನ್ನು ಮೂರು ಸಲ ಅಳೆಯಿರಿ ಎಂದು ಮೇಷ್ಟರು ಹೇಳುವುದು ಸುಮ್ಮನೆ ಅಲ್ಲ.

ಆದರೆ ಹಜಾರ ಎಷ್ಟಾದರೂ ಹಜಾರವೇ. ಅಲ್ಲಿ ಮಳೆಯಿಲ್ಲ, ಲಾರಿಯಿಲ್ಲ. ಆದ್ದರಿಂದ ಮುಂದಿನ ಕಣಗಳು ಬೀದಿಗೆ ಇಳಿದವು. 2018ರಲ್ಲಿ ಘೋಷಣೆಯಾದ ಎರಡು ಯೋಜನೆಗಳಲ್ಲಿ ಒಂದು ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ, ಇನ್ನೊಂದು ಸಾಲ್ಟ್ ಲೇಕ್ ಸಿಟಿಯಲ್ಲಿ. ಎರಡನೆಯದರಲ್ಲಿ ವಿಶ್ವವಿದ್ಯಾಲಯದ ಬಸ್ಸುಗಳ ಮೇಲೆಯೇ ರೇಡಿಯೋಗಳನ್ನು ಕೂರಿಸಿದ್ದಾರೆ. ಬಸ್ಸು ತನ್ನ ಪಾಡಿಗೆ ಮಕ್ಕಳನ್ನು ಹತ್ತಿಸಿ ಇಳಿಸುತ್ತಿರುತ್ತದೆ, ಪ್ರಯೋಗ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಅಯೋವಾ ರಾಜ್ಯದಲ್ಲಿ ಹೊಲಗದ್ದೆಗಳ ನಡುವೆಯೇ ಇಂಥದೊಂದು ಕಣ ಹುಟ್ಟಿದೆ.

ಹಂಚಿಕೊಳ್ಳಲೇಬೇಕು, ಏಕೆ?

ಮೈಸೂರಿನವರು ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯಬಹುದು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಲ್ಲಿಯೇ 30 ವ್ಯಾಟಿನ ಪ್ರೇಷಕ ಇಟ್ಟು ಬಾನುಲಿ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದ. ಅಂದು ಒಬ್ಬ ಪ್ರಾಧ್ಯಾಪಕರ ಉತ್ಸಾಹ ಮತ್ತು ಅವರ ಮನೆಯ ಒಂದು ಕೋಣೆ ಸಾಕಾಗಿತ್ತು.

ಇಂದು ಸಾಲದು. 5ಜಿ ಜಾಲವೊಂದರಲ್ಲಿ ಗೋಪುರದ ರೇಡಿಯೋ ಒಂದು ಭಾಗ ಮಾತ್ರ. ಅದರ ಹಿಂದೆ ಲೆಕ್ಕ ಮಾಡುವ ಘಟಕಗಳು, ಅವುಗಳ ಹಿಂದೆ ಕರೆಗಳನ್ನು ನಡೆಸುವ ಕೇಂದ್ರ, ಇವೆಲ್ಲವನ್ನೂ ಅಳೆಯುವ ದುಬಾರಿ ಉಪಕರಣಗಳು ಬೇಕು. ವೈಫೈಯಂಥ ಕೆಲವು ತರಂಗಾಂತರಗಳನ್ನು ಬಿಟ್ಟರೆ ಬೇರೆಲ್ಲಿ ಪ್ರಸಾರ ಮಾಡಲೂ ಸರ್ಕಾರದ ಪರವಾನಗಿ ಬೇಕು. ಒಂದು ಎಂಜಿನಿಯರಿಂಗ್ ಕಾಲೇಜು, ಅದೆಷ್ಟೇ ಶುಲ್ಕ ವಸೂಲು ಮಾಡಲಿ, ಇದನ್ನೆಲ್ಲ ತಾನೊಂದೇ ಕೊಂಡು ಇಟ್ಟುಕೊಳ್ಳುವುದು ಆಗದ ಮಾತು. ಕೊಂಡರೂ ವರ್ಷದ ಬಹುಪಾಲು ಅದು ಬೀಗ ಹಾಕಿದ ಕೋಣೆಯಲ್ಲಿರುತ್ತದೆ.

ಹಳ್ಳಿಯಲ್ಲಿ ಪ್ರತಿ ರೈತನಿಗೂ ಸ್ವಂತ ಕಣ ಇರುವುದಿಲ್ಲ. ಇಲ್ಲದವರು ಇದ್ದವರ ಕಣದಲ್ಲಿ ಸರದಿ ಹಿಡಿದು ಒಕ್ಕುತ್ತಾರೆ. ಅದೂ ಸಿಗದಿದ್ದರೆ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆಯೇ ಹರಡುತ್ತಾರೆ, ಬಸ್ಸು ಲಾರಿಗಳೇ ತುಳಿಯುತ್ತವೆ. ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ಸುಗ್ಗಿಯಲ್ಲಿ ಓಡಾಡಿದವರಿಗೆಲ್ಲ ಈ ದೃಶ್ಯ ಗೊತ್ತು. ಸ್ಕೂಟರಿನವರು ಜಾರಿ ಬೀಳುವುದೂ ಗೊತ್ತು. ರೇಡಿಯೋ ಸಂಶೋಧನೆಯಲ್ಲಿ ಸರಿಯಾದ ಕಣವಿಲ್ಲದವರ ಪಾಡು ಇದಕ್ಕಿಂತ ಬೇರೆಯಲ್ಲ.

ಕಿತ್ತೂರು, ಕಾನ್ಪುರ, ಪಾಲ್ಘರ್

ನಮ್ಮ ನೆಲದಲ್ಲೇ ಒರೆಗೆ ಹಚ್ಚಿ ನೋಡುವ ಪರಿಪಾಠಕ್ಕೆ ಕರ್ನಾಟಕದಲ್ಲಿ ಒಂದು ಹಿಂದಿನ ಕಥೆಯಿದೆ. ಅದು ನಿಸ್ತಂತು ಅಲ್ಲ, ತಂತಿಯ ದೂರವಾಣಿಯದು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ 128 ಸಂಪರ್ಕಗಳ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು 1986ರಲ್ಲಿ ಮೊದಲು ಅಳವಡಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹೊರದೇಶಗಳ ವಿನಿಮಯ ಕೇಂದ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕಾಗಿತ್ತು. ಇದು ನಮ್ಮ ಸೆಕೆ, ದೂಳುಗಳಲ್ಲಿ ನಡೆಯಬೇಕಾಗಿತ್ತು. ಕಿತ್ತೂರಿನಲ್ಲಿ ಅದು ನಡೆಯಿತು, ಆಮೇಲೆ ದೇಶದ ಹಳ್ಳಿಹಳ್ಳಿಗೆ ಹೋಯಿತು.

ನಿಸ್ತಂತು ಕಣಗಳಲ್ಲಿ ಕಾನ್ಪುರದ ಐಐಟಿಯದು ಕುತೂಹಲದ್ದು. ಮನೆಯೊಳಗೆ ನೂರಿನ್ನೂರು ಅಡಿಗಳಿಗೆಂದು ಹುಟ್ಟಿದ ವೈಫೈಯನ್ನು ಎತ್ತರದ ಗೋಪುರ ಮತ್ತು ದಿಕ್ಕು ಹಿಡಿದ ಆಂಟೆನಾಗಳ ಸಹಾಯದಿಂದ ಗಂಗಾ ಬಯಲಿನ ಹಳ್ಳಿಗಳ ನಡುವೆ ಹತ್ತಾರು ಕಿ.ಮೀ. ಹಾಯಿಸಿ ನೋಡಿದರು. ಮಳೆ, ಮಂಜು ಬಂದಾಗ ಸಂಪರ್ಕ ಕೆಡುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. 2006ರಲ್ಲಿ ಪ್ರಕಟವಾದ ಅವರ ಅಳತೆಗಳಲ್ಲಿ ಹವೆಯ ಪಾತ್ರ ಏನೂ ಕಾಣಲಿಲ್ಲ. ನಿಜವಾದ ಕಳ್ಳ ಬೇರೆಯವನಾಗಿದ್ದ: ಅದೇ ತರಂಗಾಂತರದಲ್ಲಿ ಮಾತನಾಡುತ್ತಿದ್ದ ಬೇರೆ ವೈಫೈಗಳ ಗದ್ದಲ. ಕೋಣೆಯಲ್ಲಿ ಕುಳಿತು ಲೆಕ್ಕ ಹಾಕಿದವರು ಮಳೆಯನ್ನೇ ಬೈಯುತ್ತಿದ್ದರೇನೋ. (ಇದು 2.4 ಗಿಗಾಹರ್ಟ್ಸ್ ಅಲೆಗಳ ಮಾತು. 28 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಒಂದು ಸೆಂಟಿಮೀಟರಿಗೆ ಇಳಿಯುತ್ತದೆ. ಅಲ್ಲಿ ಮಳೆಹನಿ ನಿಜಕ್ಕೂ ಶತ್ರು.)

ಮುಂಬಯಿಯ ಐಐಟಿಯವರು ಮಹಾರಾಷ್ಟ್ರದ ಪಾಲ್ಘರ್ ಪ್ರದೇಶದ ಹಳ್ಳಿಗಳಲ್ಲಿ, ದೂರದರ್ಶನದ ವಾಹಿನಿಗಳು ಬಳಸದೆ ಬಿಟ್ಟ ತರಂಗಾಂತರಗಳಲ್ಲಿ ಇಂಟರ್ನೆಟ್ ಹರಿಸಿ ನೋಡಿದರು. ಈ ಕಡಿಮೆ ಆವರ್ತನದ ಅಲೆಗಳು ಗಿಡಮರಗಳ ನಡುವೆ ಚೆನ್ನಾಗಿ ನುಸುಳುತ್ತವೆ. ಆ ಕೆಲಸದಿಂದ ಬೆಳೆದ 'ಗ್ರಾಮ್ ಮಾರ್ಗ್' ಯೋಜನೆಗೆ 2017ರಲ್ಲಿ ಮೊಜಿಲ್ಲಾ ಸಂಸ್ಥೆ ನಡೆಸಿದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು.

ಆರು ಕಿಲೋಮೀಟರಿನ ವಾದ

ನಮ್ಮ ನೆಲದ ಅಳತೆ ನಮ್ಮಲ್ಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 5ಜಿ ಎಂದು ಕರೆಸಿಕೊಳ್ಳಬೇಕಾದ ಯಾವುದೇ ತಂತ್ರಜ್ಞಾನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇಡುವ ಪರೀಕ್ಷೆಯಲ್ಲಿ ಪಾಸಾಗಬೇಕು. ಆ ಪರೀಕ್ಷೆಯಲ್ಲಿ ಒಂದು 'ಗ್ರಾಮ' ಇದೆ. ಅದರಲ್ಲಿ ಒಂದು ಗೋಪುರದಿಂದ ಇನ್ನೊಂದಕ್ಕೆ 1,732 ಮೀಟರ್. ಅಂದರೆ ಎರಡು ಕಿ.ಮೀ.ಗೂ ಕಡಿಮೆ ದೂರಕ್ಕೊಂದು ಗೋಪುರ. ನಮ್ಮ ಹಳ್ಳಿಗಾಡಿನಲ್ಲಿ ಅಷ್ಟು ಒತ್ತಾಗಿ ಗೋಪುರ ನಿಲ್ಲಿಸುವವರು ಯಾರು, ಅದರ ಖರ್ಚು ತುಂಬುವವರು ಯಾರು?

ಭಾರತದ ತಜ್ಞರು ಬೇರೆ ಲೆಕ್ಕ ಮುಂದಿಟ್ಟರು. ಸರ್ಕಾರದ ಯೋಜನೆಯಲ್ಲಿ ಆಪ್ಟಿಕಲ್ ಫೈಬರ್ ಬರುವುದು ಗ್ರಾಮ ಪಂಚಾಯಿತಿಯವರೆಗೆ. ಗೋಪುರವೂ ಅಲ್ಲೇ ನಿಲ್ಲುವುದು ಸಹಜ. ಆಗ ಒಂದು ಗೋಪುರಕ್ಕೂ ಇನ್ನೊಂದಕ್ಕೂ ಸುಮಾರು 6 ಕಿ.ಮೀ. ಅಂತರವಾಗುತ್ತದೆ. ಅಲ್ಲಿನ ಬಳಕೆದಾರರು ಬುಲೆಟ್ ರೈಲಿನಲ್ಲಿ ಹೋಗುವವರಲ್ಲ, ನಡೆಯುವವರು, ಕುಳಿತಿರುವವರು. ಈ ಸ್ಥಿತಿಯಲ್ಲೂ ಕೆಲಸ ಮಾಡುವುದೇ ಎಂದು ಪರೀಕ್ಷೆಯಲ್ಲಿ ಕೇಳಬೇಕು ಎಂಬುದು ವಾದ. 2017ರಲ್ಲಿ ಒಕ್ಕೂಟ ಅದನ್ನು ಒಪ್ಪಿ ಆರು ಕಿಲೋಮೀಟರಿನ ಗ್ರಾಮವನ್ನೂ ಪರೀಕ್ಷೆಗೆ ಸೇರಿಸಿತು. ಪ್ರಶ್ನೆಪತ್ರಿಕೆಯಲ್ಲಿ ಮೊದಲ ಬಾರಿಗೆ ನಮ್ಮ ಹಳ್ಳಿಯ ಮೇಲೊಂದು ಪ್ರಶ್ನೆ ಬಂತು.

ಬೆಂಗಳೂರಿನ ಕಣ

2018ರ ಮಾರ್ಚಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಸ್ವದೇಶಿ 5ಜಿ ಪರೀಕ್ಷಾ ಕಣಕ್ಕಾಗಿ ಸುಮಾರು 224 ಕೋಟಿ ರೂಪಾಯಿ ಮಂಜೂರು ಮಾಡಿತು. ಚೆನ್ನೈ, ದೆಹಲಿ, ಹೈದರಾಬಾದ್, ಮುಂಬಯಿ, ಕಾನ್ಪುರಗಳ ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸಮೀರ್ ಮತ್ತು ಚೆನ್ನೈನ ಸಿವಿಟ್ ಹೀಗೆ ಎಂಟು ಸಂಸ್ಥೆಗಳು ಕೂಡಿ ಕಟ್ಟಿದವು. 2022ರ ಮೇ 17ರಂದು ಪ್ರಧಾನಿ ಇದನ್ನು ಉದ್ಘಾಟಿಸಿದರು. ಅದಕ್ಕೂ ಮೊದಲು ನಮ್ಮ ಚಿಕ್ಕ ಕಂಪನಿಯೊಂದು 5ಜಿ ಉಪಕರಣ ಮಾಡಿದರೆ ಪರೀಕ್ಷೆಗೆ ವಿದೇಶದ ಬಾಗಿಲು ತಟ್ಟಬೇಕಾಗಿತ್ತು.

ಕಣ ಐದು ಕಡೆ ಹಂಚಿಕೊಂಡಿದೆ. ಇಡೀ ಜಾಲವನ್ನು ಒಂದೆಡೆ ಪರೀಕ್ಷಿಸುವ ಮುಖ್ಯ ವ್ಯವಸ್ಥೆ ಚೆನ್ನೈನಲ್ಲಿ. ಹೈದರಾಬಾದ್, ಕಾನ್ಪುರ, ದೆಹಲಿಗಳಲ್ಲಿ ಅದರ ಬೇರೆ ಬೇರೆ ಅಂಗಗಳು. ಬೆಂಗಳೂರಿನ ಪಾಲಿಗೆ ಬಂದದ್ದು ಎರಡು: ಮುಕ್ತ ತಂತ್ರಾಂಶದಿಂದ ಕಟ್ಟಿದ 5ಜಿ ಕಣ, ಮತ್ತು ವಾಹನಗಳು ಪರಸ್ಪರ ಹಾಗೂ ರಸ್ತೆಯೊಡನೆ ಮಾತನಾಡುವ ತಂತ್ರದ ಕಣ.

ಎರಡನೆಯದರ ಬೆಲೆ ಕಡಕೊಳದ ಹೆದ್ದಾರಿಯಲ್ಲಿ ನಿಂತವರಿಗೆ ತಿಳಿಯುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮುಂದಿನ ಲಾರಿ ಬ್ರೇಕ್ ಹಾಕಿದ ಸುದ್ದಿ ಹಿಂದಿನ ಕಾರಿಗೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿ ಬಂದರೆ ಅಷ್ಟರಲ್ಲಿ ಕಾರು 2.2 ಮೀಟರ್ ಮುಂದೆ ಹೋಗಿರುತ್ತದೆ. ಸಾವಿರದ ಒಂದು ಭಾಗದಷ್ಟೇ ತಡವಾದರೆ 2.2 ಸೆಂಟಿಮೀಟರ್. ಈ ವ್ಯತ್ಯಾಸದಲ್ಲಿ ಜೀವ ಉಳಿಯಬಹುದು, ಹೋಗಬಹುದು. ಸುದ್ದಿ ಸಮಯಕ್ಕೆ ಬರುತ್ತದೆಯೇ, ನಡುವೆ ಒಂದು ಕಂಟೈನರ್ ಲಾರಿ ಅಡ್ಡ ಬಂದಾಗಲೂ ಬರುತ್ತದೆಯೇ ಎಂಬುದನ್ನು ಯಾರೂ ನಿಜವಾದ ಹೆದ್ದಾರಿಯಲ್ಲಿ ಜನರನ್ನು ಕೂರಿಸಿಕೊಂಡು ಕಲಿಯಲಾರರು. ಅದಕ್ಕೇ ಕಣ.

ಆರಂಭದಲ್ಲಿ ಸರ್ಕಾರದ ಮಾನ್ಯತೆ ಪಡೆದ ನವೋದ್ಯಮಗಳಿಗೂ ಸಣ್ಣ ಉದ್ದಿಮೆಗಳಿಗೂ 2023ರ ಜನವರಿಯವರೆಗೆ ಇದನ್ನು ಪುಕ್ಕಟೆಯಾಗಿ ಬಿಟ್ಟುಕೊಡಲಾಯಿತು. ಕಾಲೇಜುಗಳು, ಸಂಶೋಧಕರು ಅಲ್ಪ ಶುಲ್ಕಕ್ಕೆ ಬಳಸಬಹುದೆಂದು ಇಲಾಖೆ ಹೇಳಿತು. 2023ರ ಅಕ್ಟೋಬರಿನಲ್ಲಿ ದೇಶದ ವಿದ್ಯಾಸಂಸ್ಥೆಗಳಿಗೆ 100 5ಜಿ ಪ್ರಯೋಗಾಲಯಗಳನ್ನೂ ಕೊಡಲಾಯಿತು. ಇವು 5ಜಿಯನ್ನು ಬಳಸಿ ಹೊಸ ಅನ್ವಯಗಳನ್ನು ರೂಪಿಸಲು. ಕಾರು ಓಡಿಸಲು ಕಲಿಯುವುದಕ್ಕೂ ಎಂಜಿನ್ ಬಿಚ್ಚಿ ನೋಡುವುದಕ್ಕೂ ಇರುವ ಅಂತರ ಇಲ್ಲಿಯೂ ಇದೆ. ಎರಡೂ ಬೇಕು, ಆದರೆ ಎರಡನೆಯದು ಸಿಗುವುದು ಅಪರೂಪ.

ಹಂಚಿಕೆಯ ಕಣಗಳಿಗೆ ಒಂದು ಶಾಪವೂ ಇದೆ. ಕಟ್ಟಲು ಹಣ ಬರುತ್ತದೆ, ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಐದು ವರ್ಷ ಕಳೆದ ಮೇಲೆ ಕೆಟ್ಟ ಪೆಟ್ಟಿಗೆ ಬದಲಿಸಲು ಯಾರೂ ಇರುವುದಿಲ್ಲ. 2002ರಲ್ಲಿ ಆರಂಭವಾಗಿ ಜಗತ್ತಿನಾದ್ಯಂತ ಸಾವಿರಕ್ಕೂ ಮೀರಿ ಕಂಪ್ಯೂಟರುಗಳನ್ನು ಹೆಣೆದಿದ್ದ 'ಪ್ಲಾನೆಟ್‌ಲ್ಯಾಬ್' ಎಂಬ ಪ್ರಸಿದ್ಧ ಕಣವೂ 2020ರಲ್ಲಿ ಮುಚ್ಚಿತು. ನಮ್ಮ ಕಣದ ಗತಿ ಏನಾದೀತು ಎಂಬುದನ್ನು ಅಳೆಯಬೇಕಾದ್ದು ಉದ್ಘಾಟನೆಯ ಫಲಕದಿಂದಲ್ಲ. ಜಿಲ್ಲಾ ಕೇಂದ್ರಗಳ ಕಾಲೇಜುಗಳಿಂದ ಎಷ್ಟು ಹುಡುಗ ಹುಡುಗಿಯರು ಅದರ ಸರದಿ ಪುಸ್ತಕದಲ್ಲಿ ಹೆಸರು ಬರೆಸಿದರು ಎಂಬುದರಿಂದ. ಎಂಜಿನಿಯರಿಂಗ್ ಸೀಟಿಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಹಾಸ್ಟೆಲ್ ಊಟ, ಕೆಲಸದ ಸಂಬಳಗಳ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬಹುದು: ನಿಮ್ಮ ವಿದ್ಯಾರ್ಥಿಗಳು ಇಂಥ ಕಣಗಳನ್ನು ಬಳಸಿದ್ದಾರೆಯೇ?

ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಒಂದು ಪ್ರಯೋಗ ಹೈಸ್ಕೂಲಿನವರಿಗೂ ಸಾಧ್ಯ. ಬಹಳಷ್ಟು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಕುರಿತ ವಿವರದಲ್ಲಿ ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುತ್ತಾರೆ. ಅದು ಋಣ ಸಂಖ್ಯೆ. -70 ಇದ್ದರೆ ಒಳ್ಳೆಯದು, -110 ಇದ್ದರೆ ಕಷ್ಟ. ಪ್ರತಿ 10ರ ಇಳಿಕೆಗೆ ಬಲ ಹತ್ತು ಪಾಲು ಕಡಿಮೆಯಾಗುತ್ತದೆ, ಆದ್ದರಿಂದ -70ರಿಂದ -100ಕ್ಕೆ ಇಳಿದರೆ ಸಾವಿರ ಪಾಲು. ಮನೆಯ ಅಥವಾ ಶಾಲೆಯ ನಕ್ಷೆಯೊಂದನ್ನು ಚೌಕ ಕಾಗದದ ಮೇಲೆ ಬರೆದು, ಹತ್ತು ಹೆಜ್ಜೆಗೊಂದರಂತೆ ನಿಂತು ಸಂಖ್ಯೆಯನ್ನು ಗುರುತಿಸಬೇಕು. ಒಂದೇ ಜಾಗದಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ತಗಡಿನ ಬಾಗಿಲು ಮುಚ್ಚಿ ಒಮ್ಮೆ, ತೆರೆದು ಒಮ್ಮೆ. ಗಂಟೆಯನ್ನೂ ಬರೆದಿಡಬೇಕು. ಸಮ ಬಲವಿರುವ ಬಿಂದುಗಳನ್ನು ಗೆರೆಯಿಂದ ಕೂಡಿಸಿದಾಗ ವೃತ್ತ ಬರುತ್ತದೆಯೋ, ಮತ್ತೇನು ಬರುತ್ತದೆಯೋ ನೋಡಬೇಕು. ಮಗನೋ ಮಗಳೋ ಫೋನು ಹಿಡಿದು ಗೋಡೆಯಿಂದ ಗೋಡೆಗೆ ಅಲೆಯುತ್ತಿರುವುದು ಕಂಡರೆ, ಬೈಯುವ ಮುನ್ನ ಇನ್ನೊಂದು ಕೈಯಲ್ಲಿ ಚೌಕ ಕಾಗದ ಇದೆಯೇ ಎಂದು ಒಮ್ಮೆ ನೋಡುವುದು ಒಳಿತು.